ಇಣುಕುವ ನೂಲು

ಫಿಲ್ಮ್ ಶಾಲೆ ಮುಗಿಸಿ ಸ್ವಂತವಾಗಿ ಕ್ಯಾಮೆರಾ ಹಿಡಿದವರಿಗೆಲ್ಲ ಸಿನಿಮಾ ಸೆಟ್ಟು ಸಿಗುವುದಿಲ್ಲ. ಬನಿಯನ್ನಿನ ಊರು ತಿರುಪ್ಪೂರಿನಲ್ಲಾದರೆ ಕ್ಯಾಟಲಾಗಿನ ಟೀ ಶರ್ಟು ಎದುರಿಗೆ ಬಂದೀತು. ಅದಕ್ಕೆ ಇಸ್ತ್ರಿ ಹಾಕಬೇಕು, ಅಂಚಿನಲ್ಲಿ ಇಣುಕುವ ನೂಲು ಕತ್ತರಿಸಬೇಕು, ಬಿಳಿ ಬಟ್ಟೆ ಬಿಳಿ ಹಿನ್ನೆಲೆಯಲ್ಲಿ ಕರಗಿಹೋಗದಂತೆ ಪಕ್ಕದಿಂದ ಬೆಳಕು ಕೊಡಬೇಕು. ಬೆಳಕಿನ ಪಾಠ ನಿಜಕ್ಕೂ ತಲೆಗೆ ಹತ್ತುವುದು ಆಗಲೇ. ಗಿರಾಕಿಯ ಬಳಿ ಮುಂಗಡ ಕೇಳುವ ಪಾಠವನ್ನು ಮಾತ್ರ ಯಾವ ಮೇಷ್ಟ್ರೂ ಹೇಳಿಕೊಟ್ಟಿರುವುದಿಲ್ಲ ಬಿಡಿ!

ಪಕ್ಕದ ಕೊಯಮತ್ತೂರಿನ ಆರಂಭಕಾಲದ ಸಿನಿಮಾ ಪ್ರದರ್ಶಕ ಸಾಮಿಕಣ್ಣು ವಿನ್ಸೆಂಟರ ಕಾಲಕ್ಕೆ ಸಿನಿಮಾ ಶಾಲೆ ಎಲ್ಲಿತ್ತು? ರೈಲ್ವೆಯಲ್ಲಿ ನಕ್ಷೆ ಬರೆಯುತ್ತಿದ್ದವರು, 1905ರಲ್ಲಿ ಫ್ರೆಂಚ್ ಪ್ರದರ್ಶಕನೊಬ್ಬನ ಪ್ರೊಜೆಕ್ಟರ್ ಕೊಂಡು, ನೌಕರಿ ಬಿಟ್ಟು, ಡೇರೆ ಹಾಕಿ ಸಿನಿಮಾ ತೋರಿಸುತ್ತಾ ಊರೂರು ಅಲೆದರು. ಕಡೆಗೆ 1914ರಲ್ಲಿ ಕೊಯಮತ್ತೂರಿನಲ್ಲೇ ವೆರೈಟಿ ಹಾಲ್ ಎಂಬ ಚಿತ್ರಮಂದಿರ ಕಟ್ಟಿದರು. ಅದರ ಹೆಸರೇ ಅಲ್ಲಿನ ರಸ್ತೆಗೂ ಬಂತು.