ಹಿಮದ ಮೇಲಂಗಿ: ಆಯ್ಕೆ ಮತ್ತು ಹೊಣೆ

(ಹಿಮಾಲಯ ಚಾರಣಾಸಕ್ತರ ಸಭೆಯಲ್ಲಿ ನೀಡಿದ ಉಪನ್ಯಾಸ)



ಗುಲ್ಮಾರ್ಗದಲ್ಲಿ ಸ್ಕೀಯಿಂಗ್ ಕಲಿಯಲು, ಗಢವಾಲದ ಶಿಖರಗಳನ್ನು ಏರಲು ಹೊರಡುವವರು ಮೊದಲು ಹುಡುಕುವುದು ನೀರು ಒಳಬಿಡದ ಶೆಲ್ ಜಾಕೆಟ್ಟನ್ನು. ನೀರನ್ನು ತಡೆಯುವುದಷ್ಟೇ ಆದರೆ ಪ್ಲಾಸ್ಟಿಕ್ ಹಾಳೆಯೂ ಸಾಕು. ಆದರೆ ಅದನ್ನು ಹೊದ್ದು ಸಸಿ ನೆಟ್ಟವರೆಲ್ಲ ಬಲ್ಲರು: ಸ್ವಲ್ಪ ಹೊತ್ತಿನಲ್ಲೇ ಮೈ ಬೆವರಿನಿಂದ ನೆನೆಯುತ್ತದೆ. ಗದ್ದೆಯಲ್ಲಿ ಅದು ಕಿರಿಕಿರಿ ಮಾತ್ರ; ಹಿಮಗಾಳಿಯಲ್ಲಿ ಪ್ರಾಣಾಪಾಯ.

ಈ ತೊಡಕಿಗೆ 1969ರಲ್ಲಿ ಅಮೆರಿಕದ ಬಾಬ್ ಗೋರ್ ಉತ್ತರ ಕಂಡರು. ಟೆಫ್ಲಾನ್ ಎಂದೇ ಪರಿಚಿತವಾದ ಪಿಟಿಎಫ್‌ಇಯನ್ನು ಕಾಯಿಸಿ ಥಟ್ಟನೆ ಎಳೆದಾಗ ಅದು ಅತಿಸೂಕ್ಷ್ಮ ರಂಧ್ರಗಳ ಪೊರೆಯಾಯಿತು. ನೀರಹನಿ ಅದರಲ್ಲಿ ನುಸುಳಲಾರದು. ಬೆವರಿನ ಆವಿ ಹೊರಹೋಗಬಲ್ಲದು. 1976ರಲ್ಲಿ ಗೋರ್-ಟೆಕ್ಸ್ ಬಟ್ಟೆ ಮಾರುಕಟ್ಟೆಗೆ ಬಂದಿತು.

ಜಾಕೆಟ್ಟಿನ ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಬಟ್ಟೆ ತಡೆಯುವ ನೀರಿನ ಒತ್ತಡ. 10,000 ಮಿ.ಮೀ. ಎಂದರೆ ಹತ್ತು ಮೀಟರ್ ಎತ್ತರದ ನೀರಿನ ಕಂಬದ ಒತ್ತಡ. ಒಣಹಿಮದಲ್ಲಿ ಸ್ಕೀ ಮಾಡುವವರಿಗೆ ಇದು ಸಾಕು. ಭಾರದ ಚೀಲ ಹೊತ್ತು ಒದ್ದೆಹಿಮದಲ್ಲಿ ದಿನಗಟ್ಟಲೆ ನಡೆಯುವವರಿಗೆ 20,000 ಲೇಸು. ಎರಡನೆಯದು ಒಂದು ಚದರ ಮೀಟರಿನ ಮೂಲಕ 24 ಗಂಟೆಗಳಲ್ಲಿ ಹೊರಹೋಗುವ ಆವಿಯ ತೂಕ. ಪರೀಕ್ಷಾ ವಿಧಾನಗಳು ಬೇರೆಬೇರೆಯಾದ್ದರಿಂದ ಇದನ್ನು ನಂಬಿ ಎರಡು ಕಂಪನಿಗಳನ್ನು ಹೋಲಿಸಲಾಗದು. ಕಂಕುಳಡಿಯ ಜಿಪ್ಪು ಅದಕ್ಕಿಂತ ಉಪಯುಕ್ತ. ಸ್ಕೀ ಮಾಡುವವರಿಗೆ ಸೊಂಟದಲ್ಲಿ ಹಿಮ ತಡೆಯುವ ಪಟ್ಟಿ ಬೇಕು. ಪರ್ವತಾರೋಹಿಗೆ ಶಿರಸ್ತ್ರಾಣದ ಮೇಲೆ ಕೂರುವ ಟೊಪ್ಪಿ, ಹಗ್ಗದ ಪಟ್ಟಿಗಿಂತ ಮೇಲಿರುವ ಜೇಬು ಬೇಕು.

ಇಷ್ಟು ದೇಹರಕ್ಷಣೆಯ ಮಾತು. ಪರ್ವತದ ರಕ್ಷಣೆಯ ಮಾತು ಇದಕ್ಕಿಂತ ಕಿರಿದಲ್ಲ. ಹನಿ ಜಾರಿಹೋಗಲೆಂದು ಜಾಕೆಟ್ಟಿನ ಹೊರಮೈಗೆ ಬಹುಕಾಲ ಬಳಿದದ್ದು ಪಿಎಫ್‌ಎಎಸ್ ಎಂಬ ಫ್ಲೋರಿನ್ ರಾಸಾಯನಿಕಗಳನ್ನು. ಇಂಗಾಲ-ಫ್ಲೋರಿನ್ ಬಂಧ ಬಹಳ ಗಟ್ಟಿ. ನಿಸರ್ಗದಲ್ಲಿ ಅದು ಸುಲಭವಾಗಿ ಕಳಚದು. 2015ರಲ್ಲಿ ಗ್ರೀನ್‌ಪೀಸ್ ದೂರದೂರದ ಪರ್ವತಗಳ ಹಿಮದಲ್ಲಿಯೂ ಸರೋವರಗಳಲ್ಲಿಯೂ ಇವನ್ನು ಪತ್ತೆಹಚ್ಚಿತು. 2019ರಲ್ಲಿ ಎವರೆಸ್ಟಿನಿಂದ ತಂದ ಹಿಮದಲ್ಲಿಯೂ ಇವು ಕಂಡುಬಂದವು. ಆರೋಹಿಗಳ ಉಡುಪು-ಸಲಕರಣೆಗಳೇ ಮೂಲವಿರಬಹುದೆಂದು 2021ರಲ್ಲಿ ಪ್ರಕಟವಾದ ಅಧ್ಯಯನ ಸೂಚಿಸಿತು. ಆ ಹಿಮ ಕರಗಿದರೆ ನದಿ. ನದಿಯ ಕೆಳಗೆ ಹೊಲ, ದನ, ಬಾವಿ.

ಜಗತ್ತು ಎಚ್ಚೆತ್ತುಕೊಳ್ಳುತ್ತಿದೆ. ಈ ಗುಂಪಿನ ಪಿಎಫ್‌ಒಎ 2019ರಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ಪಟ್ಟಿ ಸೇರಿತು. ಕೆಲವು ರಕ್ಷಣಾ ಉಡುಪುಗಳನ್ನು ಬಿಟ್ಟು, ಪಿಎಫ್‌ಎಎಸ್ ಇರುವ ಬಟ್ಟೆಗಳನ್ನು ಫ್ರಾನ್ಸ್ 2026ರ ಜನವರಿಯಿಂದ ನಿಷೇಧಿಸಿದೆ. ಗೋರ್ ಕಂಪನಿಯೇ 2022ರಲ್ಲಿ ಪಾಲಿಎಥಿಲೀನಿನ ಪೊರೆಯನ್ನು ತಂದಿತು.

ಆದ್ದರಿಂದ ಕೊಳ್ಳುವಾಗ ಪಿಎಫ್‌ಎಎಸ್ ಇಲ್ಲದ್ದನ್ನೇ ಕೇಳಿ ಪಡೆಯುವುದು ಉಚಿತ. ಅದಕ್ಕೊಂದು ಮಿತಿಯಿದೆ: ಫ್ಲೋರಿನ್ ಇಲ್ಲದ ಲೇಪ ನೀರನ್ನು ತಡೆದರೂ ಎಣ್ಣೆಜಿಡ್ಡನ್ನು ತಡೆಯದು, ಹೀಗಾಗಿ ಆಗಾಗ ಒಗೆಯಬೇಕು. ಹೊರಬಟ್ಟೆ ನೀರು ಹೀರತೊಡಗಿದ ಮಾತ್ರಕ್ಕೆ ಜಾಕೆಟ್ ಕೆಟ್ಟಿತೆಂದಲ್ಲ. ಮೃದು ಸಾಬೂನಿನಿಂದ ತೊಳೆದು, ಚೀಟಿಯಲ್ಲಿ ಹೇಳಿದಷ್ಟೇ ಶಾಖ ಕೊಟ್ಟು, ಅಗತ್ಯವಿದ್ದರೆ ಫ್ಲೋರಿನ್‌ರಹಿತ ಲೇಪ ಹಚ್ಚಿದರೆ ಅದು ಮತ್ತೆ ಹಲವು ಚಳಿಗಾಲಗಳಿಗೆ ಒದಗುತ್ತದೆ. ವರ್ಷಕ್ಕೊಮ್ಮೆ ಹಿಮ ನೋಡುವವರು ಹೊಸತು ಕೊಳ್ಳುವ ಬದಲು ಬಾಡಿಗೆಗೆ ತರುವುದೂ ವಿವೇಕವೇ.

ಹಿಮಾಲಯಕ್ಕೆ ಹೋಗುವವರು ಅಲ್ಲಿ ಕಸ ಬಿಡಬಾರದೆಂಬುದು ಎಲ್ಲರೂ ಒಪ್ಪಿದ ನೀತಿ. ಕಣ್ಣಿಗೆ ಕಾಣದ ಕಸಕ್ಕೂ ಆ ನೀತಿ ಅನ್ವಯಿಸಲಿ.