ನೆರೆಮನೆಯ ಬಾಗಿಲು

2025ರ ಜನವರಿ 7ರ ಸಂಜೆ. ಅಮೆರಿಕದ ಲಾಸ್ ಏಂಜಲೀಸ್ ಬಳಿಯ ಈಟನ್ ಕಣಿವೆಗೆ ಬೆಂಕಿ ಬಿತ್ತು. ಸಾಂತಾ ಆನಾ ಎಂಬ ಒಣಗಾಳಿ ಕಿಡಿಗಳನ್ನು ಹೊತ್ತು ತಂದು ಆಲ್ಟಡೀನಾ ಊರಿನ ಮೇಲೆ ಸುರಿಯಿತು. 9,000ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ಊರಿನ ಪಶ್ಚಿಮ ಭಾಗಕ್ಕೆ ‘ಮನೆ ಬಿಟ್ಟು ಹೊರಡಿ’ ಎಂಬ ಆದೇಶ ಬಂದದ್ದು ನಡುರಾತ್ರಿ ಕಳೆದು ಎಷ್ಟೋ ಹೊತ್ತಾದ ಮೇಲೆ. ಅಲ್ಲಿ ಜೀವ ಕಳೆದುಕೊಂಡವರಲ್ಲಿ ಹಲವರು ವಯಸ್ಸಾದವರು, ಓಡಾಡಲು ಕಷ್ಟವಿದ್ದವರು.

ಫೋನಿಗೆ ಬರುವ ಎಚ್ಚರಿಕೆಯೂ ಬೇಕು. ಆದರೆ ಪಕ್ಕದ ಮನೆಯ ಅಜ್ಜಿಗೆ ಕಿವಿ ಮಂದ, ರಾತ್ರಿ ಮಾತ್ರೆ ನುಂಗಿ ಗಾಢವಾಗಿ ಮಲಗಿರುತ್ತಾರೆ ಎಂಬುದು ಗೊತ್ತಿರುವುದು ನೆರೆಯವರಿಗೆ ಮಾತ್ರ. ಅವರೇ ಹೋಗಿ ಬಾಗಿಲು ಬಡಿಯಬೇಕು.

ಇಂಥ ಸುದ್ದಿ ಕೇಳಿದಾಗ ದೂರದಲ್ಲಿರುವ ಮಕ್ಕಳಿಗೆ ನಾವು ಫೋನ್ ಮಾಡುತ್ತೇವಲ್ಲ, ‘ಹುಷಾರಾಗಿದ್ದೀಯೇನಪ್ಪಾ?’ ಎಂದು. ಜೊತೆಗೆ ಇದನ್ನೂ ಕೇಳೋಣ: ‘ಪಕ್ಕದ ಮನೆಯವರು ಹೇಗಿದ್ದಾರೆ? ಹೋಗಿ ನೋಡಿದೆಯಾ?’