ಬಿಡಬೇಕೆಂದರೂ ಬಿಡದ ಚಟ

(ತುಕ್ಕಾನಟ್ಟಿಯ ಮಸೀದಿಯಲ್ಲಿ ನೀಡಿದ ಜುಮಾ ಬಯಾನಿನ ಸಾರ)

 



ಕಳೆದ ರಮಝಾನಿನಲ್ಲಿ ಕಂಡ ಒಂದು ದೃಶ್ಯ ಇನ್ನೂ ಕಣ್ಣ ಮುಂದಿದೆ. ನಮ್ಮ ಜಮಾತಿನ ಒಬ್ಬರು ಹಗಲೆಲ್ಲ ಕಬ್ಬಿನ ಗದ್ದೆಯಲ್ಲಿ ದುಡಿದು, ಒಂದು ಹನಿ ನೀರೂ ಮುಟ್ಟದೆ ರೋಜಾ ಪೂರೈಸಿದ್ದರು. ಮಗ್ರಿಬ್ ಅಝಾನ್ ಆಯಿತು. ಒಂದು ಖರ್ಜೂರ ಬಾಯಿಗಿಟ್ಟು, ಅರ್ಧ ಲೋಟ ನೀರು ಕುಡಿದರು. ನಮಾಜಿಗೆ ಇಕಾಮತ್ ಹೇಳುವಷ್ಟರಲ್ಲಿ ಅವರು ಸಾಲಿನಲ್ಲಿರಲಿಲ್ಲ. ಮಸೀದಿಯ ಹಿಂದಿನ ಗೋಡೆಯ ಹತ್ತಿರ ಬೀಡಿ ಹಚ್ಚಿ ನಿಂತಿದ್ದರು. ಮೊದಲ ರಕಅತ್ ತಪ್ಪಿತು. ಅದನ್ನು ನೋಡಿದ ಹುಡುಗನೊಬ್ಬ ಆಮೇಲೆ ಬಂದು ನನ್ನನ್ನು ಕೇಳಿದ: "ಹಜರತ್, ಹದಿಮೂರ ತಾಸ ತಡಕೊಂಡಾವ್ರಿಗೆ ಇನ್ನೊಂದ ಹತ್ತ ಮಿನಿಟ ತಡಕೊಳ್ಳಾಕ ಆಗಲಿಲ್ಲೇನ್ರಿ?"

ಪ್ರಶ್ನೆ ಸಣ್ಣದಲ್ಲ. ಅಂದು ನನ್ನ ಬಳಿ ಉತ್ತರ ಇರಲಿಲ್ಲ. ಇದ್ದದ್ದು ಒಂದು ಹಳೆಯ ತಪ್ಪಿನ ನೆನಪು ಮಾತ್ರ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಹೀಗೇ ಒಂದು ಶುಕ್ರವಾರ ಬಯಾನಿನಲ್ಲಿ ನಾನು ಗುಟ್ಕಾ, ಬೀಡಿಯ ವಿಷಯ ಎತ್ತಿದ್ದೆ. ಚಟ ಬಿಡಲಾಗದವನ ಈಮಾನ್ ಪೊಳ್ಳು ಎಂದೆ. ಹೇಳುವಾಗ ಕಣ್ಣು ಒಬ್ಬರ ಕಡೆ ಹೋಯಿತು. ಸಭೆಯ ಕಣ್ಣೂ ಅತ್ತಲೇ ತಿರುಗಿತು. ಮುಂದಿನ ವಾರ ಅವರು ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ತಿಂಗಳುಗಟ್ಟಲೆ ಬರಲಿಲ್ಲ. ಬೀಡಿ ಬಿಡಿಸಲು ಹೋಗಿ ನಾನು ಅವರಿಗೆ ಮಸೀದಿಯನ್ನೇ ಬಿಡಿಸಿದ್ದೆ. ಕೊನೆಗೆ ಮನೆಗೆ ಹೋದಾಗ ಅವರು ಜಗಳ ಮಾಡಲಿಲ್ಲ. ಚಹಾ ಕೊಟ್ಟು ಇಷ್ಟೇ ಹೇಳಿದರು: "ನೀವ ಹೇಳಿದ್ದ ಖರೇನ ಇರಬೇಕ್ರಿ ಹಜರತ್. ಆದ್ರ ನಾ ಹನ್ನೊಂದ ಸಲ ಬಿಟ್ಟೇನಿ. ಅದನ್ನ ಯಾರೂ ಎಣಿಸಿಲ್ಲ."

ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ.

ಹನ್ನೊಂದು ಸಲ ಬಿಟ್ಟವನಿಗೆ ಮನಸ್ಸಿಲ್ಲ ಎನ್ನಲಾಗದು. ಹಾಗಾದರೆ ಹಿಡಿದಿಟ್ಟಿರುವುದು ಯಾವುದು? ತಂಬಾಕಿನಲ್ಲಿರುವ ನಿಕೋಟಿನ್ ಹೊಗೆಯ ಮೂಲಕ ಕೆಲವೇ ಸೆಕೆಂಡುಗಳಲ್ಲಿ ಮೆದುಳು ಮುಟ್ಟುತ್ತದೆ. ಅಲ್ಲಿ ಒಂದು ಕ್ಷಣ ಹಿತವೆನಿಸುತ್ತದೆ. ಆದರೆ ಸುಮಾರು ಎರಡು ತಾಸಿನಲ್ಲಿ ರಕ್ತದಲ್ಲಿನ ನಿಕೋಟಿನ್ ಅರ್ಧಕ್ಕೆ ಇಳಿಯುತ್ತದೆ, ಮೆದುಳು ಮತ್ತೆ ಕೇಳುತ್ತದೆ. ಕೊಡದಿದ್ದರೆ ಸಿಟ್ಟು, ಚಡಪಡಿಕೆ. ನಿದ್ದೆ ಬಾರದು, ಕೆಲಸದಲ್ಲಿ ಮನಸ್ಸು ನಿಲ್ಲದು. ಬಿಟ್ಟ ಮೊದಲ ಎರಡು ಮೂರು ದಿನ ಇದು ಎಲ್ಲಕ್ಕಿಂತ ಜೋರಾಗಿರುತ್ತದೆ, ಆಮೇಲೆ ಮೂರು ನಾಲ್ಕು ವಾರಗಳಲ್ಲಿ ಇಳಿಯುತ್ತ ಹೋಗುತ್ತದೆ. ಮೂರನೇ ದಿನ ಮನೆಯಲ್ಲಿ ರೇಗಾಡುವವನಿಗೆ "ಇದಕ್ಕಿಂತ ನೀ ಸೇದೂದ ಚಲೋ ಇತ್ತು" ಎಂದು ಮನೆಯವರೇ ಹೇಳುವುದುಂಟು. ಇನ್ನೊಂದು ವಾರ ತಡೆದುಕೊಂಡಿದ್ದರೆ ಆ ಮನೆಗೆ ನೆಮ್ಮದಿ ಬರುತ್ತಿತ್ತು.

ಜಗಿಯುವವರು ತಮ್ಮದು ಹಗುರ ಎಂದುಕೊಳ್ಳಬಾರದು. ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ತಿಕ್ಕುತ್ತಾರಲ್ಲ, ಆ ಸುಣ್ಣದಿಂದಲೇ ನಿಕೋಟಿನ್ ಬಾಯಿಯ ಒಳಚರ್ಮದ ಮೂಲಕ ಬೇಗ ರಕ್ತಕ್ಕೆ ಇಳಿಯುತ್ತದೆ. ಬರೀ ಅಡಿಕೆ ತಿನ್ನುತ್ತೇನೆ ಎನ್ನುವವರಿಗೂ ಒಂದು ಮಾತು: ಅಡಿಕೆಗೂ ಚಟ ಹಿಡಿಸುವ ಗುಣವಿದೆ. ಅದು ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಿಂದ ನಿಷೇಧ. ಈಗ ಅಂಗಡಿಯಲ್ಲಿ ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು. ಎರಡನ್ನೂ ಹರಿದು ಬೆರೆಸುವುದನ್ನು ಹತ್ತು ವರ್ಷದ ಮಕ್ಕಳೂ ನೋಡಿ ಕಲಿತಿದ್ದಾರೆ. ಇನ್ನು ತಂಬಾಕು ಸುಟ್ಟು ಪುಡಿ ಮಾಡಿ ಹಲ್ಲಿಗೆ ತಿಕ್ಕುವ ಮಿಶ್ರಿ. ನಮ್ಮ ಎಷ್ಟೋ ತಾಯಂದಿರು ದಿನಕ್ಕೆ ನಾಲ್ಕು ಸಲ ತಿಕ್ಕುತ್ತಾರೆ. ಅದನ್ನು ನಾವು ಚಟ ಎನ್ನುವುದೇ ಇಲ್ಲ, ಹಲ್ಲುಜ್ಜುವುದು ಎನ್ನುತ್ತೇವೆ!

ಆದರೆ ನಿಕೋಟಿನ್ ಒಂದೇ ಕಾರಣವಾಗಿದ್ದರೆ ರೋಜಾ ಇದ್ದವರು ಹಗಲೆಲ್ಲ ಒದ್ದಾಡಬೇಕಿತ್ತು. ಬಹಳಷ್ಟು ಜನ ಒದ್ದಾಡುವುದಿಲ್ಲ. ಸಂಜೆ ಹತ್ತಿರ ಬಂದಾಗ ಮಾತ್ರ ಕೈ ಜೇಬಿಗೆ ಹೋಗುತ್ತದೆ. ಇದನ್ನು ಓದುವಾಗ ನನಗೆ ಒಂದು ಸಂಶೋಧನೆ ಸಿಕ್ಕಿತು. ಇಸ್ರೇಲಿನಲ್ಲಿ ವಿಮಾನ ಸಿಬ್ಬಂದಿಯ ಪೈಕಿ ಸಿಗರೇಟು ಸೇದುವವರನ್ನು ಪರೀಕ್ಷಿಸಿದ್ದು, 2010ರಲ್ಲಿ ಪ್ರಕಟವಾಯಿತು. ವಿಮಾನದಲ್ಲಿ ಸೇದುವಂತಿಲ್ಲ. ಸಣ್ಣ ಪ್ರಯಾಣವಾಗಲಿ, ಉದ್ದ ಪ್ರಯಾಣವಾಗಲಿ, ಅವರಿಗೆ ಸೇದುವ ಆಸೆ ಏರಿದ್ದು ವಿಮಾನ ಇಳಿಯುವ ಹೊತ್ತು ಸಮೀಪಿಸಿದಾಗ. ಸಣ್ಣ ಪ್ರಯಾಣ ಮುಗಿಯುವಾಗ ಎಷ್ಟು ಆಸೆ ಇತ್ತೋ, ಉದ್ದ ಪ್ರಯಾಣದಲ್ಲಿ ಅಷ್ಟೇ ತಾಸು ಕಳೆದಾಗ ಅಷ್ಟು ಇರಲಿಲ್ಲ. ಎಷ್ಟು ಹೊತ್ತು ಬಿಟ್ಟಿದ್ದೇವೆ ಎನ್ನುವುದಕ್ಕಿಂತ, ಇನ್ನೇನು ಸಿಗುತ್ತದೆ ಎನ್ನುವುದು ಮನಸ್ಸನ್ನು ಎಳೆಯುತ್ತದೆ. ಆ ಹುಡುಗನಿಗೆ ಅಂದು ಹೇಳಬೇಕಿದ್ದ ಉತ್ತರ ಇದೇ. ಹಗಲಿನಲ್ಲಿ ಬಾಗಿಲು ಮುಚ್ಚಿತ್ತು, ಮನಸ್ಸು ತಟ್ಟಲಿಲ್ಲ. ಮಗ್ರಿಬ್ ಅಝಾನಿಗೆ ತೆರೆಯಿತು.

ನಮ್ಮ ಊರಿನ ಬದುಕಿನಲ್ಲಿ ಇಂಥ ಬಾಗಿಲುಗಳು ಎಷ್ಟಿವೆ ನೋಡಿ. ತ್ರೀ ಫೇಸ್ ಕರೆಂಟು ರಾತ್ರಿ ಬರುತ್ತದೆ. ಕಬ್ಬಿಗೆ ನೀರು ಹಾಯಿಸಲು ಹೋದವನಿಗೆ ನಿದ್ದೆ, ಚಳಿ, ಹಾವಿನ ಭಯ. ಕೈಯಲ್ಲಿ ಬೀಡಿ. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರು ಕಾರ್ಖಾನೆಯ ಮುಂದೆ ಸರದಿಯಲ್ಲಿ ರಾತ್ರಿಯೆಲ್ಲ ನಿಲ್ಲುತ್ತದೆ. ಚಾಲಕ ಇನ್ನೇನು ಮಾಡಬೇಕು? ಹಸಿವು ಅಡಗಲೆಂದು ಚಿಟಿಕೆ ತಂಬಾಕು ತುಟಿಯೊಳಗೆ. ಇವರು ಶೋಕಿಗೆ ಹಿಡಿದವರಲ್ಲ. ತಂಬಾಕನ್ನು ಬಿಡು ಎಂದರೆ ಆ ರಾತ್ರಿಯನ್ನು ಹೇಗೆ ಕಳೆಯಬೇಕೆಂದೂ ಹೇಳಬೇಕಾಗುತ್ತದೆ. ನಿಪ್ಪಾಣಿ ಭಾಗದಲ್ಲಿ ತಂಬಾಕು ಬೆಳೆದು ಬದುಕಿದವರು, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಅಕ್ಕಂದಿರು ಇದ್ದಾರೆ. ಅವರನ್ನು ಹೀಗಳೆಯುವುದೂ ನನ್ನ ಉದ್ದೇಶವಲ್ಲ.

ಈ ತಂಬಾಕು ನಮ್ಮ ನಾಡಿನ ಹಳೆಯ ವಸ್ತುವೂ ಅಲ್ಲ. ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಸುಮಾರು 1604ರಲ್ಲಿ ಅಕ್ಬರ್ ಬಾದಶಹನ ದೂತ ಅಸದ್ ಬೇಗ್ ಬಿಜಾಪುರದಿಂದ ಆಗ್ರಾಕ್ಕೆ ತಂಬಾಕನ್ನೂ ಸೇದುವ ನಳಿಕೆಯನ್ನೂ ಒಯ್ದು ಕಾಣಿಕೆ ಕೊಟ್ಟ. ಹಕೀಮರು ಬೇಡವೆಂದರೂ ಬಾದಶಹ ಒಂದೆರಡು ಸಲ ಎಳೆದು ನೋಡಿದ. ಅವನು ಮುಂದುವರಿಸಲಿಲ್ಲ, ಆದರೆ ದರ್ಬಾರಿನವರು ಹಿಡಿದರು. 1617ರಲ್ಲಿ ಜಹಾಂಗೀರ್ ನಿಷೇಧಿಸಿದ. ಬಾದಶಹನ ಫರ್ಮಾನಿಗೂ ಅದು ಬಗ್ಗಲಿಲ್ಲ. ಇವತ್ತು ನಮ್ಮ ರಾಜ್ಯದಲ್ಲಿ 21 ವರ್ಷದೊಳಗಿನವರಿಗೆ ಸಿಗರೇಟು ಮಾರುವಂತಿಲ್ಲ ಎಂಬ ಕಾನೂನಿದೆ. ಬಸ್ ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತರೆ ಅದರ ಗತಿ ತಿಳಿಯುತ್ತದೆ.

ಹಾಗಾದರೆ ಮದೀನಾದಲ್ಲಿ ಮದ್ಯ ಹೇಗೆ ಹೋಯಿತು? ನಾವು ಬಯಾನುಗಳಲ್ಲಿ ಕೊನೆಯ ದೃಶ್ಯವನ್ನು ಮಾತ್ರ ಹೇಳುತ್ತೇವೆ. ನಿಷೇಧದ ಆಜ್ಞೆ ಬಂತು, ಸಾರುವವನ ದನಿ ಕೇಳಿತು, ಅಬೂ ತಲ್ಹಾರ(ರ) ಮನೆಯಲ್ಲಿ ಮದ್ಯ ಹಂಚುತ್ತಿದ್ದ ಅನಸ್(ರ) ಅದನ್ನು ಹೊರಗೆ ಚೆಲ್ಲಿದರು, ಬೀದಿಯಲ್ಲಿ ಮದ್ಯ ಹರಿಯಿತು. ಸತ್ಯ. ಆದರೆ ಅದಕ್ಕೆ ಮೊದಲು ವರ್ಷಗಳ ತಯಾರಿ ಇತ್ತು. ಅದರಲ್ಲಿ ಲಾಭಕ್ಕಿಂತ ಪಾಪ ದೊಡ್ಡದು ಎಂದು ಮೊದಲು ತಿಳಿಸಲಾಯಿತು (2:219). ಆಮೇಲೆ ಅಮಲಿನಲ್ಲಿ ನಮಾಜಿನ ಹತ್ತಿರ ಬರಬೇಡಿ ಎಂದಾಯಿತು (4:43). ಐದು ಹೊತ್ತಿನ ನಮಾಜಿನ ನಡುವೆ ಕುಡಿದು ಇಳಿಯಲು ಎಷ್ಟು ಸಮಯ ಉಳಿಯುತ್ತದೆ? ಹಗಲಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಕೊನೆಗೆ ಪೂರ್ಣ ನಿಷೇಧ (5:90). ಮೊದಲ ದಿನವೇ ಕುಡಿಯಬೇಡಿ ಎಂದಿದ್ದರೆ ಜನ ಎಂದೂ ಬಿಡುವುದಿಲ್ಲ ಎನ್ನುತ್ತಿದ್ದರು ಎಂಬ ಅರ್ಥದ ಹಝ್ರತ್ ಆಯಿಶಾರ(ರ) ಮಾತು ಬುಖಾರಿಯಲ್ಲಿದೆ. ಇನ್ನೊಂದು ಸಂಗತಿ, ಅಂದು ಒಬ್ಬನೇ ಬಿಡಲಿಲ್ಲ, ಊರೇ ಬಿಟ್ಟಿತು. ಕುಡಿಸುವ ಆತಿಥೇಯ ಉಳಿಯಲಿಲ್ಲ. ನಮ್ಮಲ್ಲಿ ಒಬ್ಬ ಬಿಟ್ಟರೆ ಮರುದಿನ ಮದುವೆ ಮನೆಯಲ್ಲಿ ತಟ್ಟೆಯಲ್ಲಿ ಸಿಗರೇಟು ಇಟ್ಟು, "ಒಂದ ತಗೋ, ಏನಾಗೂದಿಲ್ಲ" ಎನ್ನುವವರು ಅವನ ಸ್ವಂತ ಭಾವಂದಿರೇ!

ಧೂಮಪಾನ ಹರಾಮೋ ಮಕ್ರೂಹೋ ಎಂಬಲ್ಲಿ ಉಲಮಾಗಳ ಅಭಿಪ್ರಾಯ ಬೇರೆ ಬೇರೆ. ನಿಮ್ಮ ಕೈಯಾರೆ ನಾಶಕ್ಕೆ ಬೀಳಬೇಡಿ ಎಂದು ಕುರ್‌ಆನ್ ಹೇಳಿರುವಾಗ (2:195) ಒಳ್ಳೆಯದೆಂದು ಯಾರೂ ಹೇಳಿಲ್ಲ, ಅಷ್ಟು ಸಾಕು. ಇವತ್ತು ನನಗೆ ಮುಖ್ಯವಾದದ್ದು ಬಿಡಲಾಗದವನೊಡನೆ ನಾವು ಹೇಗಿರಬೇಕು ಎಂಬುದು. ಪ್ರವಾದಿಯವರ(ಸ) ಕಾಲದಲ್ಲಿ ಅಬ್ದುಲ್ಲಾ ಎಂಬ ಸಹಾಬಿ ಇದ್ದರು, ಪ್ರವಾದಿಯವರನ್ನು ನಗಿಸುತ್ತಿದ್ದವರು. ಮದ್ಯ ಕುಡಿದದ್ದಕ್ಕೆ ಮತ್ತೆ ಮತ್ತೆ ಅವರನ್ನು ಹಿಡಿದು ತರಲಾಗುತ್ತಿತ್ತು. ಶಿಕ್ಷೆಯೂ ಆಯಿತು. ಒಬ್ಬರು ಬೇಸತ್ತು ಶಪಿಸಿದಾಗ ಪ್ರವಾದಿಯವರು(ಸ) ತಡೆದರು: ಶಪಿಸಬೇಡಿ, ಈತ ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುತ್ತಾನೆ ಎಂಬುದು ನನಗೆ ಗೊತ್ತು ಎಂಬರ್ಥದಲ್ಲಿ. ಇದೂ ಬುಖಾರಿಯಲ್ಲಿದೆ. ತಪ್ಪನ್ನು ತಪ್ಪಲ್ಲ ಎನ್ನಲಿಲ್ಲ. ಮನುಷ್ಯನನ್ನು ಹೊರಗೆ ಹಾಕಲೂ ಬಿಡಲಿಲ್ಲ. ಅದೇ ಬುಖಾರಿಯನ್ನು ಮದ್ರಸಾದಲ್ಲಿ ಓದಿ ಬಂದ ನಾನು ಈಮಾನ್ ಪೊಳ್ಳು ಎಂದಿದ್ದೆ.

ಬಿಡಬೇಕೆನ್ನುವವರಿಗೆ ಕೆಲವು ಮಾತು. 1800-11-2356 ಎಂಬ ಉಚಿತ ನಂಬರಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತನಾಡಿ ದಾರಿ ಹೇಳುತ್ತಾರೆ. ಧಾರವಾಡದ ಡಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವ ಚಿಕಿತ್ಸೆ ಇದೆ. ಅಲ್ಲಿಗೆ ಹೋದವನು ಹುಚ್ಚನಲ್ಲ. ನಿಕೋಟಿನ್ ಗಮ್ ಔಷಧ ಅಂಗಡಿಯಲ್ಲಿ ಸಿಗುತ್ತದೆ, ವೈದ್ಯರನ್ನು ಕೇಳಿ ಬಳಸಿ. ಅದು ಔಷಧ, ನಾಚಿಕೆ ಬೇಡ. ದಿನವೂ ಕುಡಿಯುವವರು ಮಾತ್ರ ಒಮ್ಮೆಲೇ ತಾವಾಗಿಯೇ ನಿಲ್ಲಿಸದೆ ವೈದ್ಯರ ಹತ್ತಿರವೇ ಹೋಗಬೇಕು, ಅದರಲ್ಲಿ ಜೀವಕ್ಕೆ ಅಪಾಯವಿರುತ್ತದೆ. ಮದುವೆಗಳಲ್ಲಿ ಸಿಗರೇಟಿನ ತಟ್ಟೆ ಇಡಬಾರದೆಂದು ಜಮಾತಿನ ಹಿರಿಯರಲ್ಲಿ ಕೇಳಿಕೊಂಡಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಆ ಸಹೋದರರು ಈಗ ಹನ್ನೆರಡನೇ ಸಲ ಬಿಟ್ಟಿದ್ದಾರೆ. ಇವತ್ತಿಗೆ ಇಪ್ಪತ್ತಾರು ದಿನ. ಮೂರನೇ ರಾತ್ರಿ ಒಂದೂವರೆಗೆ ಹೊಲದಿಂದ ನನಗೆ ಫೋನ್ ಮಾಡಿದ್ದರು, ಮೋಟರ್ ಚಾಲೂ ಮಾಡಿ ಕೂತಿದ್ದರು. ಅರ್ಧ ತಾಸು ಮಾತಾಡಿದೆವು. ಬೀಡಿಯ ಮಾತೇ ಬರಲಿಲ್ಲ. ಕಬ್ಬಿನ ಬಿಲ್ಲು, ಮಗಳ ಪರೀಕ್ಷೆ, ಇಂಥವೇ. ಈಗಲೂ ಇಲ್ಲೇ ಕೂತಿದ್ದಾರೆ. ಯಾರೂ ಸುತ್ತ ನೋಡಬೇಡಿ. ಸುನ್ನತ್ ಓದಿಕೊಳ್ಳಿ.